ಹೂವಿನ ಜೊತೆ ಹೋದ ಹೆಸರುಗಳು

ಹೂವಿನ ಬುಕೆಗೆ ಸಿಕ್ಕಿಸುವ ಕಾರ್ಡನ್ನು ಆರಿಸಿಕೊಡಲಿಕ್ಕೂ ಒಬ್ಬಳಿಗೆ ಪಗಾರ ಕೊಡುತ್ತಾರೆ ಎಂಬುದನ್ನು ನನ್ನ ತಾಯಿ ಕೊನೆಯವರೆಗೂ ನಂಬಲಿಲ್ಲ. ಹಳಿಯಾಳದ ಬೀಗರು ಬಿಜ್ಜರು ಯಾರಾದರೂ ಕೇಳಿದರೆ "ನಮ್ಮ ಕಸ್ತೂರಿ ದಾಂಡೇಲ್ಯಾಗ ಆಫೀಸಿನ್ಯಾಗ ಅದಾಳ" ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಆ ಆಫೀಸೆಂದರೆ ನಾಲ್ಕಾರು ಬಕೆಟ್ಟು ಹೂವು, ಒಂದು ಕುಂಟು ಮೇಜು, ಗೋಡೆಗೆ ಆನಿಸಿದ ಕಾರ್ಡಿನ ಸ್ಟ್ಯಾಂಡು, ಮತ್ತು ರೊಕ್ಕದ ಗಲ್ಲೆಯ ಹಿಂದೆ ಕುಳಿತ ಬಾಬುರಾವ್ ಸಾವಕಾರರು.

ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ನನ್ನ ಜಾಗಕ್ಕೆ ಬಂದವರು ಆಗಾಗ ಫೋನ್ ಮಾಡಿ, "ಅಕ್ಕಾರ, ಒಬ್ಬರು ಬಂದಾರ. ಬೀಗರ ಜೋಡಿ ಮಾತು ಬಿಟ್ಟಾರಂತ, ಈಗ ಅವರ ಮನ್ಯಾಗ ಹೆಸರಿಡೂ ಕಾರ್ಯ ಐತಂತ. ಯಾವ ಕಾರ್ಡು ಕೊಡ್ಲಿ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಬರೆದಿಟ್ಟರೆ ಓದಿಕೊಳ್ಳಲಿ, ನನಗೂ ಮಧ್ಯಾಹ್ನದ ನಿದ್ದೆ ಉಳಿಯುತ್ತದೆ ಎಂದು ಕುಳಿತಿದ್ದೇನೆ. ಉಪದೇಶ ಕಡಿಮೆ ಮಾಡುತ್ತೇನೆ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಜಾಣರಿಗೆ ಅಷ್ಟೇ ಸಾಕು.

ನಾನು ಸೇರಿದ ಕಾಲಕ್ಕೆ ಹೂವು ಬೆಳಗಾವಿಯಿಂದ ಮುಂಜಾನೆ ಬಸ್ಸಿಗೆ ಬರುತ್ತಿತ್ತು. ಕಾರ್ಡುಗಳನ್ನು ಸಾವಕಾರರೇ ಹೋಗಿ ಗಂಟು ಕಟ್ಟಿ ತರುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಕಾರ್ಡು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು ಎಂಬ ನಂಬಿಕೆ ಅವರಿಗೆ. ಒಳಗೆ ಎರಡು ಪುಟ ಇಂಗ್ಲಿಷ್ ಕವಿತೆ ಇರಬೇಕು, ಮೇಲೆ ಚಮಕಿ ಇರಬೇಕು. ಆ ಚಮಕಿ ಅಂಗಡಿಯ ತುಂಬ ಉದುರಿ, ನಾನು ಮನೆಗೆ ಹೋಗಿ ಉಣ್ಣಲು ಕುಳಿತರೆ ರೊಟ್ಟಿಯ ಮೇಲೂ ಮಿಂಚುತ್ತಿತ್ತು. ಚಿತ್ರಗಳೋ, ಬರೀ ಪರದೇಶದ ಹುಡುಗಿಯರು, ಹಿಮದ ಬೆಟ್ಟ, ಹಿಮ ಹೊದ್ದ ಮನೆ. ಒಮ್ಮೆ ಜೊಯಿಡಾದಿಂದ ಬಂದ ಒಬ್ಬ ಹಿರಿಯರು ಅಂಥದೊಂದನ್ನು ತಿರುಗಿಸಿ ಮುರುಗಿಸಿ ನೋಡಿ, "ಹತ್ತಿ ಛಲೋ ಬೆಳದಾರ ನೋಡ್ರಿ, ಯಾವ ಊರಿದು?" ಎಂದು ಕೇಳಿದರು. ಸಾವಕಾರರು ನಗಲಿಲ್ಲ. ನಾನು ಬಕೆಟ್ಟಿನ ನೀರು ಬದಲಿಸುವ ನೆವ ಮಾಡಿ ಹಿತ್ತಲಿಗೆ ಹೋಗಿ ನಕ್ಕು ಬಂದೆ.

ಸಾವಕಾರರ ಇನ್ನೊಂದು ಗುಣವೆಂದರೆ ಗಿರಾಕಿ ಅರ್ಧ ಮಾತು ಆಡುವಷ್ಟರಲ್ಲಿ ಇವರಿಗೆ ಪೂರ್ತಿ ಅರ್ಥವಾಗಿಬಿಡುತ್ತಿತ್ತು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಒಬ್ಬ ತರುಣ ಬಂದು, ತಮ್ಮ ಗುರುಗಳಿಗೆ ಹೂವು ಬೇಕು, ಎಲ್ಲಾ ಬಿಳಿಯದೇ ಇರಬೇಕು, ನಡುವೆ ಒಂದು ಬಣ್ಣದ ಎಸಳೂ ಬೇಡ ಎಂದ. "ಬಹಳ ವಯಸ್ಸು, ದೊಡ್ಡವರು" ಎಂದೂ ಹೇಳಿದ. ಸಾವಕಾರರು ಲೊಚಗುಟ್ಟಿ, ನನಗೆ ಕಣ್ಣಿನಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿ, ಆತ್ಮಕ್ಕೆ ಶಾಂತಿ ಕೋರುವ ಕಾರ್ಡನ್ನು ತಾವೇ ಲಕೋಟೆಗೆ ಹಾಕಿ ಅಂಟಿಸಿಕೊಟ್ಟರು. ಗುರುಗಳು ಸತ್ತಿರಲಿಲ್ಲ. ದೂರದಿಂದ ಕ್ಯಾಂಪಿಗೆ ಬರುತ್ತಿದ್ದರು, ಇವರೆಲ್ಲ ಸ್ವಾಗತಕ್ಕೆ ನಿಂತಿದ್ದರು. ಅವರಲ್ಲಿ ಮಂಗಳಕ್ಕೆ ಬಿಳಿಯೇ ಮೊದಲ ಬಣ್ಣ.

ವಾರ ಕಳೆದು ಆ ತರುಣ ಮತ್ತೆ ಬಂದಾಗ ಸಾವಕಾರರು ಗಲ್ಲೆಯ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿದರು. ಆತ ಮಾತ್ರ ನಗುತ್ತಿದ್ದ. "ಗುರುಜಿ ಕಾರ್ಡ್ ಓದಿದ್ರು, ಬಹಳ ನಕ್ಕರು. ಸಾಯೋದು ದಿನಾ ನೆನಪು ಮಾಡಿಕೊಳ್ಳಬೇಕು, ಹೂವಿನ ಅಂಗಡಿಯವರು ಸರಿಯಾಗಿ ನೆನಪು ಮಾಡಿದ್ರು ಅಂತ ಹೇಳಿದ್ರು" ಎಂದ. ಆ ಕಾರ್ಡನ್ನು ಗುರುಗಳು ತಮ್ಮ ಹತ್ತಿರವೇ ಇಟ್ಟುಕೊಂಡರಂತೆ. ಎಲ್ಲರ ನಸೀಬಿನಲ್ಲೂ ಅಂಥ ಗಿರಾಕಿ ಇರುವುದಿಲ್ಲ. ಹೂವು ಯಾರಿಗೆ, ಯಾಕೆ, ಅವರ ಮನೆಯಲ್ಲಿ ಅದಕ್ಕೆ ಏನು ಅರ್ಥ ಎಂದು ಬಾಯಿ ಬಿಟ್ಟು ಕೇಳಿರಿ. ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ.

ಇನ್ನೊಬ್ಬರನ್ನು ನಾನು ಮರೆತಿಲ್ಲ. ಹಳಿಯಾಳ ಕಡೆಯ ಒಂದು ಊರಿನ ಸಿದ್ದಿ ಸಮಾಜದವರು, ಕ್ರಿಶ್ಚಿಯನ್ನರು, ಗೌಂಡಿ ಕೆಲಸಕ್ಕೆ ದಾಂಡೇಲಿಗೆ ಬರುತ್ತಿದ್ದರು. ಮಗಳು ನರ್ಸಿಂಗ್ ಪರೀಕ್ಷೆ ಪಾಸಾಗಿದ್ದಳು. ಕೆಂಪು ಗುಲಾಬಿ ಆರಿಸಿದ್ದು ತಕ್ಷಣ ಮುಗಿಯಿತು. ಕಾರ್ಡಿನ ಸ್ಟ್ಯಾಂಡಿನ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಒಂದೊಂದನ್ನೇ ತೆಗೆದು ನೋಡಿ ಜಾಗಕ್ಕೇ ಇಡುತ್ತಿದ್ದರು. ನಾನು ಹತ್ತಿರ ಹೋದೆ.

"ಯಾಕ್ರಿ, ಒಂದೂ ಮನಸಿಗೆ ಬರವಲ್ದೇನ್ರಿ?"

"ಎಲ್ಲಾ ಛಂದ ಅದಾವ್ರಿ ಬಾಯಾರ" ಎಂದರು ಅವರು. "ಖರೇ, ಇದರಾಗಿನ ಹುಡುಗ್ಯಾರಿಗೆಲ್ಲಾ ಬಂಗಾರದ ಕೂದಲಾ. ನಮ್ಮ ಹುಡುಗಿ ಹಂಗ ಇರಾಕಿ ಒಬ್ಬಾಕಿನೂ ಇಲ್ಲಲ್ರಿ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಷ್ಟು ವರ್ಷ ಆ ಸ್ಟ್ಯಾಂಡು ಒರೆಸಿದ್ದೇನೆ, ಅದರಲ್ಲಿ ಅವರ ಮಗಳಿಲ್ಲ, ನಾನೂ ಇಲ್ಲ, ನಮ್ಮ ಓಣಿಯ ಯಾರೂ ಇಲ್ಲ ಎಂಬುದು ಹೊಳೆದೇ ಇರಲಿಲ್ಲ. ಕೊನೆಗೆ ಅವರೇ ಮುಖವಿಲ್ಲದ, ಬರೀ ದಾಸವಾಳದ ಚಿತ್ರವಿದ್ದ ಕಾರ್ಡನ್ನು ಆರಿಸಿದರು. ಒಳಗಿನ ಇಂಗ್ಲಿಷಿನ ಮೇಲೆ ಬಣ್ಣದ ಹಾಳೆ ಅಂಟಿಸಿ, ಅವರು ಹೇಳಿದ ಮಾತನ್ನೇ ಬರೆದೆ: "ನಮ್ಮ ಮನಿತನದಾಗ ಮೊದಲನೇ ಬಿಳಿ ಕೋಟು ನಿಂದು. ಅಪ್ಪ." ಮುಂದೆ ಗಿರಾಕಿಯ ಫೋಟೋವನ್ನೇ ಕಾರ್ಡಿಗೆ ಹಾಕಿಕೊಡುವ ಮೆಷಿನ್ನು ಬಂದಾಗ ಊರಿನ ಕೆಲವರು ಇನ್ನು ಕಾರ್ಡಿನ ಸೊಬಗು ಹೋಯಿತು ಎಂದು ಹಲುಬಿದರು. ನಾನು ಹಲುಬಲಿಲ್ಲ. ನಾನು ಮಾಡಿಕೊಟ್ಟ ಮೊದಮೊದಲ ಫೋಟೋ ಕಾರ್ಡುಗಳಲ್ಲಿ ಒಂದು ಆ ಹುಡುಗಿಯ ಮದುವೆಯದು.

ಈಗ ನಮ್ಮ ಅಂಗಡಿಗೆ ಹೆಸರು ತಂದ ಸಂಗತಿಗೆ ಬರುತ್ತೇನೆ. ಅದು ಹುಟ್ಟಿದ್ದು ಒಂದು ಘೋಟಾಳೆಯಿಂದ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಈಗಿನ ಹುಡುಗಿಯರು ಹೇಳುತ್ತಾರೆ, ಬೈಯುವಾಗ ಇನ್ನೂ ಸ್ಪಷ್ಟವಾಗಿ ಹೇಳುತ್ತಾರೆ. ಆಗ ಹಾಗಿರಲಿಲ್ಲ. ಒಬ್ಬ ಹೆಣ್ಣುಮಗಳು ಬಂದು ಗಂಡನ ಹುಟ್ಟಿದ ದಿನಕ್ಕೆ ಕಾರ್ಖಾನೆಯ ಗೇಟಿಗೆ ಹೂವು ಕಳಿಸಬೇಕೆಂದಳು. ಕಾರ್ಡಿನಲ್ಲಿ ‘ನಿಮ್ಮ ಪ್ರೀತಿಯ ಹೆಂಡತಿ’ ಎಂದಷ್ಟೇ ಇರಬೇಕು. ಸರಿ, ಯಾರಿಗೆ? ಹೆಸರು ಕೇಳಿದೆ. ಆಕೆ ಕೆಂಪಾಗಿ ನೆಲ ನೋಡಿದಳು.

"ತಲಿ ಮ್ಯಾಲ ಚಂದ್ರನ್ನ ಇಟಗೊಂಡಾನಲ್ರಿ ಯಕ್ಕಾ, ಆ ದೇವರ ಹೆಸರು" ಎಂದಳು.

ಅಷ್ಟೇ ತಾನೆ ಎಂದು ನಾನು ‘ಶಿವಪ್ಪನವರಿಗೆ’ ಎಂದು ಬರೆದು ಕಳಿಸಿದೆ. ಆ ದೇವರಿಗೆ ಸಾವಿರ ಹೆಸರಿವೆ ಎಂಬುದು ಲಿಂಗ ಕಟ್ಟಿಕೊಂಡ ಮನೆಯಲ್ಲಿ ಹುಟ್ಟಿದ ನನಗೆ ನೆನಪಾಗಬೇಕಿತ್ತು. ಆಕೆಯ ಗಂಡ ಶಂಕ್ರಪ್ಪ. ಅದೇ ಗೇಟಿನಲ್ಲಿ ಶಿವಪ್ಪ ಎಂಬವರೂ ಒಬ್ಬರಿದ್ದರು, ಅವರ ಹೆಂಡತಿ ಮುನಿಸಿಕೊಂಡು ಮುಂಡಗೋಡದ ಕಡೆ ತವರಿಗೆ ಹೋಗಿ ಕುಳಿತಿದ್ದಳು. ಹೂವು ಕೈಗೆ ಬಂದದ್ದೇ ತಡ, ಶಿವಪ್ಪ ಅರ್ಧ ದಿನದ ರಜೆ ಹಾಕಿ, ಬುಕೆಯನ್ನು ಎದೆಗವಚಿಕೊಂಡು ಮುಂಡಗೋಡದ ಬಸ್ಸು ಹತ್ತಿದರಂತೆ. ಮಾವನ ಮನೆಯ ಅಂಗಳದಲ್ಲಿ ನಿಂತು, "ನೀ ಇಷ್ಟು ಮಾಡಿದ ಮ್ಯಾಲೆ ನಾ ಬರಲಿಲ್ಲಂದ್ರ ಹೆಂಗ? ತಪ್ಪಾತು, ನಡಿ ಹೋಗೂಣು" ಎಂದರಂತೆ. ಆಕೆ ಏನು ಎತ್ತ ತಿಳಿಯದೆ ಚೀಲ ತುಂಬಿಕೊಂಡು ಬಂದಳು.

ಎರಡು ದಿನಕ್ಕೆ ಶಿವಪ್ಪನವರ ಹೆಂಡತಿ ಅಂಗಡಿಯ ಮುಂದೆ ನಿಂತಿದ್ದಳು. "ನನ್ನ ಹೆಸರಿಲೆ ನಮ್ಮನಿಯವರಿಗೆ ಹೂವು ಕಳಿಸಿದಾಕಿ ಯಾರ್ರಿ?" ಎಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಆಕೆ ಸ್ಟೂಲಿನ ಮೇಲೆ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಹೋಗುವಾಗ, "ಅವರಿಗಿ ಮಾತ್ರ ಹೇಳಬ್ಯಾಡ್ರಿ ಮತ್ತ" ಎಂದಳು. ನಾನು ಹೇಳಲಿಲ್ಲ. ಈಗ ಇಬ್ಬರೂ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ, ಬರೆದರೆ ಅಡ್ಡಿಯಿಲ್ಲ.

ಶಂಕ್ರಪ್ಪನ ಹೆಂಡತಿಯನ್ನು ಸಮಾಧಾನ ಮಾಡುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಹೊಸ ಬುಕೆ ಕಟ್ಟಿಕೊಟ್ಟರೂ ಆಕೆ ಮುಖ ಊದಿಸಿಕೊಂಡೇ ಇದ್ದಳು. "ಒಡಪು ಹಾಕು ಅಂದಿದ್ರ ಹಾಕಿ ಹೇಳತಿದ್ದೆ, ನೀವು ಕೇಳಲೇ ಇಲ್ಲ" ಎಂದಳು. ಅದು ಖರೆ. ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಇಟ್ಟು ಹೇಳಿದರೆ ಯಾವ ದೋಷವೂ ಇಲ್ಲ. ನಾನು ಕೈಮುಗಿದು, ಹಾಗಾದರೆ ಈಗಲೇ ಹಾಕವ್ವಾ ಎಂದೆ. ಆಕೆ ತಲೆಯ ಮೇಲೆ ಸೆರಗು ಹೊದ್ದು, ಬಾಗಿಲಲ್ಲಿ ನಿಂತವರೆಲ್ಲ ಕೇಳುವಂತೆ ಹೇಳಿದಳು:

"ಕಲ್ಲಸಕ್ರಿ ಕರಗೇತಿ ಕಾಯಿಸಿದ ಹಾಲಾಗ,
ಶಂಕ್ರಪ್ಪನವರ ಹೆಸರ ಹೇಳತೇನಿ ಹೂವಿನ ಅಂಗಡ್ಯಾಗ."

ನಾನು ಅದನ್ನೇ ಕಾರ್ಡಿನ ಮೇಲೆ ಬರೆದೆ. ಎರಡು ಪುಟದ ಇಂಗ್ಲಿಷ್ ಕವಿತೆಯನ್ನು ಯಾರೂ ಕೊನೆಯವರೆಗೆ ಓದಿದ್ದನ್ನು ನಾನು ಕಂಡಿಲ್ಲ. ಈ ಎರಡು ಸಾಲನ್ನು ಗೇಟಿನ ವಾಚ್‌ಮನ್ನಿನಿಂದ ಹಿಡಿದು ಎಲ್ಲರೂ ಓದಿದರು, ಶಂಕ್ರಪ್ಪ ಮೂರು ದಿನ ತಲೆ ಎತ್ತಿ ನಡೆಯಲಿಲ್ಲ, ನಾಚಿಕೆಯಿಂದ. ಸಂತೋಷವೂ ಆಗಿರಬೇಕು, ಮರುವರ್ಷ ಅವರೇ ಬಂದು ಹೆಂಡತಿಗೆ ಹೂವು ಒಯ್ದರು.

ಅಂದಿನಿಂದ ಅಂಗಡಿಯಲ್ಲಿ ನಾನೊಂದು ಪದ್ಧತಿ ಹಾಕಿದೆ. ಗಂಡನಿಗೋ ಹೆಂಡತಿಗೋ ಕಾರ್ಡು ಬೇಕಾದರೆ ಒಡಪು ಹಾಕಬೇಕು. ಬಾರದಿದ್ದರೆ ಕೂತು ಕಟ್ಟೋಣ, ನಾನಿದ್ದೇನೆ. ಸಾವಕಾರರು ಮುಖ ಕಿವುಚಿದರು. "ಎರಡು ಸಾಲಿಗೆ ಯಾರು ರೊಕ್ಕಾ ಕೊಡತಾರ? ಇದು ಹೂವಿನ ಅಂಗಡೀನೋ ಮದವಿ ಮನೀನೋ?" ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಡಬ್ಬಿ ತಂದುಕೊಟ್ಟು ನಿಂತಿದ್ದ ಅವರ ಮನೆಯವರು ಸುಶೀಲಾಬಾಯಿ, ಮರಾಠಿಯಲ್ಲಿ ಇದಕ್ಕೆ ಉಖಾಣಾ ಅನ್ನುತ್ತಾರೆ ಎಂದು ನನಗೆ ಹೇಳಿ, ಸಾವಕಾರರ ಮುಖ ನೋಡುತ್ತಲೇ ಒಂದನ್ನು ಹೇಳಿಬಿಟ್ಟರು. ಅದರಲ್ಲಿ ‘ಬಾಬುರಾವ್’ ಎಂಬ ಹೆಸರು ಎಷ್ಟು ಮುದ್ದಾಗಿ ಕೂತಿತ್ತೆಂದರೆ, ಸಾವಕಾರರು ಡಬ್ಬಿಯನ್ನು ತಿರುವುಮುರುವಾಗಿ ತೆಗೆದು ಸಾರು ಚೆಲ್ಲಿಕೊಂಡರು. ಮತ್ತೆ ಅಡ್ಡಮಾತು ಬರಲಿಲ್ಲ.

ಗಂಡಸರ ಫಜೀತಿ ನೋಡುವುದೇ ಒಂದು ಮೋಜು. ಕುಂಬಾರವಾಡದ ಶಾಲೆಯಲ್ಲಿದ್ದ ಒಬ್ಬ ಮಾಸ್ತರರು ಬೆವರು ಒರೆಸಿಕೊಂಡು, ಚಪ್ಪಲಿ ನೆಲಕ್ಕೆ ತಿಕ್ಕಿ ತಿಕ್ಕಿ, ಕೊನೆಗೆ ಒಂದೇ ಉಸಿರಿಗೆ ಹೇಳಿದ್ದು ಹೀಗೆ:

"ಕುಂಬಾರವಾಡದ ಬಸ್ಸು ಬಂದ್ರ ಬಂತು, ಇಲ್ಲಾಂದ್ರ ಇಲ್ಲ,
ಲಕ್ಷ್ಮಿ ಹೆಸರ ಹೇಳದ ಹೋದ್ರ ಸಂಜಿ ಊಟ ಇಲ್ಲ."

ಅಂದು ಅಂಗಡಿಯ ಹೊರಗೆ ಬಸ್ಸು ಕಾಯುತ್ತಿದ್ದವರೂ ಚಪ್ಪಾಳೆ ತಟ್ಟಿದರು. ನನ್ನನ್ನು ಮಾತ್ರ ಯಾರೂ ಒಡಪು ಹಾಕೆಂದು ಕೇಳುವ ಹಾಗಿರಲಿಲ್ಲ. ನಾನು ಮದುವೆಯಾಗಲಿಲ್ಲ. ಊರವರ ಗಂಡಂದಿರ ಹೆಸರಿಗೆಲ್ಲ ಪ್ರಾಸ ಕೂಡಿಸಿದೆ, ನನಗೆ ಪ್ರಾಸ ಕೂಡಿಸಲು ಒಂದು ಹೆಸರಿರಲಿಲ್ಲ. ಒಮ್ಮೊಮ್ಮೆ ಅದು ಚುಚ್ಚಿದ್ದುಂಟು. ಆದರೆ ಮದುವೆಯಾದ ಎಷ್ಟೋ ಹೆಂಗಸರು ಹೆಸರು ಹೇಳುವಾಗಿನ ಮುಖ, ಹೇಳಿ ಹೋಗುವಾಗಿನ ಮುಖ ಎರಡನ್ನೂ ನೋಡಿದ್ದೇನೆ. ಎರಡೂ ಒಂದೇ ಆಗಿರುತ್ತಿರಲಿಲ್ಲ. ಅದನ್ನು ನೋಡುವ ಭಾಗ್ಯ ನನ್ನದು, ಹೆಚ್ಚು ದುಃಖಪಡುವಂಥದ್ದೇನಿಲ್ಲ.

ಮೊಬೈಲು ಬಂದ ಮೇಲೆ ಕಾರ್ಡಿನ ಕಥೆ ಮುಗಿಯಿತೆಂದೇ ಎಲ್ಲರೂ ಹೇಳಿದರು. ಹಿಮದ ಬೆಟ್ಟದ ಕಾರ್ಡುಗಳ ಕಥೆ ಮುಗಿದದ್ದು ನಿಜ, ಒಳ್ಳೆಯದೇ ಆಯಿತು. ಈಗ ರಿಸಾರ್ಟುಗಳಿಂದ ವಾಟ್ಸ್ಯಾಪಿನಲ್ಲಿ ಆರ್ಡರು ಬರುತ್ತದೆ, ಎಲ್ಲಿಂದಲೋ ಬಂದು ಕಾಳಿ ಹೊಳೆಯಲ್ಲಿ ದೋಣಿ ಆಡುವ ಹೊಸ ಜೋಡಿಗಳಿಗೆ ಕೋಣೆಯಲ್ಲಿ ಹೂವು ಇಡಬೇಕು. ಅವರ ಫೋಟೋ ಫೋನಿಗೇ ಬರುತ್ತದೆ. ಆದರೂ ಕಾರ್ಡಿನಲ್ಲಿ ಏನು ಇರಬೇಕು ಎಂದು ಕೇಳಿದರೆ "ನೀವೇ ಏನಾದರೂ ಹಾಕಿ" ಎಂಬ ಉತ್ತರ ಬರುತ್ತದೆ. ಹಾಗೆಂದ ಕೂಡಲೇ ಏನಾದರೂ ಹಾಕಬೇಡಿ. ಫೋನ್ ಮಾಡಿ, ಇಬ್ಬರೂ ಮೊದಲು ಎಲ್ಲಿ ಭೇಟಿಯಾದರು ಎಂದು ಒಂದು ಮಾತು ಕೇಳಿ. ನಾನು ರಾಮನಗರದ ಚಹಾದಂಗಡಿಯ ಹೆಸರು ಹಾಕಿ ಕಾರ್ಡು ಬರೆದದ್ದುಂಟು, ಅವರು ಭೇಟಿಯಾದದ್ದು ಅಲ್ಲಿ.

ಇನ್ನು ಕೊನೆಯದು. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು. ಇದನ್ನು ಬರೆಯಬೇಕೆಂದೇ ಉಳಿದದ್ದನ್ನೆಲ್ಲ ಬರೆದೆ ಎಂದರೂ ಸುಳ್ಳಲ್ಲ.

ಗೌರವ್ವ ಎಂಬ ಹಿರಿಯರು ಸೊಸೆ ವಿಜಯಾಳ ಜೊತೆ ಬಂದರು. ಹಳಿಯಾಳದ ಹತ್ತಿರದ ಒಂದು ಊರಿನವರು, ಒಕ್ಕಲುತನದ ಮನೆ. ಗಂಡನಿಗೆ ಲಕ್ವಾ ಹೊಡೆದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಿಡಿಸಿಕೊಂಡು ದಾಂಡೇಲಿಯಲ್ಲಿ ಮಗನ ಮನೆಯಲ್ಲಿ ಮಲಗಿಸಿದ್ದರು. ಜೀವಕ್ಕೆ ಅಪಾಯವಿಲ್ಲ ಎಂದಿದ್ದರು ಡಾಕ್ಟರು. ಆದರೆ ಅವರು ಯಾರ ಕಡೆಗೂ ನೋಡುತ್ತಿರಲಿಲ್ಲ, ಒಂದು ಶಬ್ದವೂ ಬಾಯಿಂದ ಬಂದಿರಲಿಲ್ಲ. ಕಣ್ಣು ಗೋಡೆಯ ಮೇಲೆ ನಿಂತರೆ ಅಲ್ಲೇ ನಿಂತಿರುತ್ತಿತ್ತು.

"ಒಂದು ದೊಡ್ಡ ಕಾರ್ಡು ಕೊಡ್ರಿ" ಎಂದರು ಗೌರವ್ವ. "ಅದರ ಮ್ಯಾಲ ನಮ್ಮ ಮನಿಯವರ ಹೆಸರು ದೊಡ್ಡದಾಗಿ ಬರದು ಕೊಡ್ರಿ. ಹೂವಿನ ಜೋಡಿ ಅವರ ಕಣ್ಣ ಮುಂದ ಇಡತೇನಿ. ತಮ್ಮ ಹೆಸರು ತಾವ ಓದಿಕೊಳ್ಳಲಿ."

ನಾನು ಅರ್ಥವಾಗದೆ ವಿಜಯಾಳ ಮುಖ ನೋಡಿದೆ. ಆಕೆ ಹೇಳಿದಳು: "ಡಾಕ್ಟರು ಹೆಸರು ಹಿಡದು ಕರೀರಿ ಅಂದಾರ್ರಿ. ದಿನಾ ಕೇಳಿದ ಧ್ವನಿ ಇರಬೇಕಂತ, ಜೋರಾಗಿ, ಮತ್ತ ಮತ್ತ ಕರೀಬೇಕಂತ. ನಾವು ಯಾರು ಹೆಸರಿಲೆ ಕರೀತೇವ್ರಿ? ನಮ್ಮನಿಯವರು ಅಪ್ಪಾ ಅಂತಾರ, ನಾ ಮಾವಾರ ಅಂತೇನಿ, ಊರಾಗ ಎಲ್ಲಾರೂ ಗೌಡ್ರ ಅಂತಾರ. ಕರೆದು ನೋಡಿದಿವ್ರಿ, ನಮ್ಮ ಬಾಯಾಗ ಆ ಹೆಸರು ಅವರಿಗೆ ಪರಕೀಯ ಅನಸ್ತೇತಿ, ತಿರುಗಿ ನೋಡಲಿಲ್ಲ. ಅತ್ತಿ ಕರೀಬೇಕು. ಅತ್ತಿ ಒಲ್ಲೆ ಅಂತಾರ."

"ಹೆಂಗ ಕರೀಲಿ?" ಎಂದರು ಗೌರವ್ವ. "ಗಂಡನ ಹೆಸರು ಹಿಡದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳ್ಯಾಳ. ಈಗ ಅವರಿಗೆ ಉಳದಿದ್ದ ಒಂದೀಟು. ಅದನೂ ನಾನ ಕಳೀಲೇನು?"

ನಕ್ಕುಬಿಡುವ ವಿಷಯವಲ್ಲ ಅದು. ಕರೆಯದಿದ್ದರೆ ಗಂಡ ಹಾಗೇ ಗೋಡೆ ನೋಡುತ್ತ ಉಳಿಯುತ್ತಾನೆ, ಕರೆದರೆ ತಾನೇ ಕೈಯಾರೆ ಕೊಂದ ಹಾಗೆ. ಆ ಮುದುಕಿ ಎರಡರ ನಡುವೆ ನಲುಗಿಹೋಗಿದ್ದಳು.

"ಒಡಪಿನ್ಯಾಗ ಇಟ್ಟು ಹೇಳ್ರಿ, ಗೌರವ್ವಾರ" ಎಂದೆ.

ಅವರಿಗೆ ಸಿಟ್ಟು ಬಂತು. "ಒಡಪು ಹಾಕೂದು ಮದವ್ಯಾಗ, ಕುಬಸದಾಗ, ನಾಕು ಮಂದಿ ನಗೂವಾಗ. ಹಾಸಿಗಿ ಮುಂದ ನಿಂತು ಒಡಪು ಹಾಕತಾರೇನು?"

"ನಗೂವಾಗ ಹಾಕಿದ್ರ ಆಯುಷ್ಯ ಕಡಿಮಿ ಆಗೂದಿಲ್ಲ ಅಂದಮ್ಯಾಲೆ ಅಳೂವಾಗ ಹಾಕಿದ್ರ ಯಾಕ ಆಗತೈತ್ರಿ? ಒಡಪಿಗೆ ದೋಷ ಇದ್ದಿದ್ರ ನಮ್ಮ ಹಳಿಯಾಳ ತಾಲೂಕಿನ್ಯಾಗ ಒಬ್ಬ ಗಂಡಸೂ ಉಳೀತಿದ್ದಿಲ್ಲ."

ವಿಜಯಾ ತುಟಿ ಕಚ್ಚಿಕೊಂಡಳು. ಗೌರವ್ವ ನನ್ನನ್ನು ದುರುಗುಟ್ಟಿ ನೋಡಿ, ಸ್ಟೂಲು ಎಳೆದುಕೊಂಡು ಕುಳಿತರು. ಮದುವೆಯಲ್ಲಿ ಯಾವ ಒಡಪು ಹಾಕಿದ್ದಿರಿ ಎಂದು ಕೇಳಿದೆ. "ಅದು ಹುಡಿಗಿ ಹಾಕಿದ್ದು. ಈ ಮುದಕಿ ಬಾಯಿಗೆ ಹೊಂದೂದಿಲ್ಲ" ಎಂದರು. ಹಾಗಾದರೆ ಹೊಸದು ಕಟ್ಟಬೇಕು. ಅವರು ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಾರೆ ಎಂದು ಕೇಳಿದೆ.

"ಎದ್ದಕೂಡಲೇ ಕೊಟಿಗ್ಯಾಗ ಹೋಗಿ ಎತ್ತಿನ ಮೈ ಸವರತಾರ. ಆಮ್ಯಾಲೆ ಚಹಾ. ಚಹಾ ಆರತೈತಿ ಬರ್ರೀ, ಆರತೈತಿ ಬರ್ರೀ ಅಂತ ನಾ ದಿನಾ ಬಡಕೋಬೇಕು."

ನಾನು ಮೊದಲ ಸಾಲು ಕೂಡಿಸಿದೆ. ಎರಡನೆಯದಕ್ಕೆ ತಡವರಿಸುತ್ತಿದ್ದಾಗ ಗೌರವ್ವ ತಾವೇ ಅದನ್ನು ಮುಗಿಸಿದರು, ಹೆಸರಿನ ಜಾಗದಲ್ಲಿ ಮಾತ್ರ ಬಾಯಿ ಮುಚ್ಚಿ ಕೈಯಿಂದ ಗಾಳಿಯಲ್ಲಿ ಗೀಟು ಎಳೆದರು. ಹೆಸರನ್ನು ನನಗೆ ವಿಜಯಾ ಹೇಳಿದಳು. ಚಿತ್ರವಿಲ್ಲದ, ಬಟ್ಟೆಯಂತೆ ಒರಟಾದ ಬಿಳಿ ಕಾರ್ಡನ್ನು ಆರಿಸಿ, ದಪ್ಪ ಅಕ್ಷರದಲ್ಲಿ ಬರೆದೆ. ಹೂವು ಹಳದಿ ಸೇವಂತಿ. ಅವರ ಹೊಲದ ಬದುವಿನಲ್ಲಿ ಅದೇ ಬೆಳೆಯುತ್ತಿತ್ತಂತೆ. ಎದ್ದು ನಿಂತ ಗೌರವ್ವ ನನ್ನ ಕೈ ಬಿಡಲಿಲ್ಲ. "ನೀವೂ ಬರ್ರಿ. ನನಗೊಬ್ಬಾಕಿಗೆ ಧೈರ್ಯ ಸಾಲೂದಿಲ್ಲ" ಎಂದರು. ಅಂಗಡಿಯನ್ನು ಸಾವಕಾರರಿಗೆ ಒಪ್ಪಿಸಿ ನಡೆದೆ.

ಅವರು ಕಿಟಕಿಯ ಪಕ್ಕದ ಮಂಚದ ಮೇಲಿದ್ದರು. ದೊಡ್ಡ ಆಳು, ಹೊಲದ ಬಿಸಿಲಿಗೆ ಕಪ್ಪಾದ ಮುಖ, ಬಲಗೈ ಚಾದರದ ಮೇಲೆ ಸತ್ವವಿಲ್ಲದೆ ಬಿದ್ದಿತ್ತು. ಕಣ್ಣು ಗೋಡೆಯ ಕಡೆ. ವಿಜಯಾ ಸೇವಂತಿಯನ್ನು ತಲೆದಿಂಬಿನ ಹತ್ತಿರ ಇಟ್ಟಳು, ಅವರು ನೋಡಲಿಲ್ಲ. ಗೌರವ್ವ ಮದುವಣಗಿತ್ತಿಯಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಚಾಳೀಸು ಹಾಕಿಕೊಂಡು, ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಾಲ ಕಡೆ ನಿಂತರು.

"ಎತ್ತಿನ ಮೈ ಸವರೂ ಹೊತ್ತಾತು, ಕುದಿಸಿದ ಚಹಾ ಆರೇತಿ..."

ಅಲ್ಲಿಗೆ ನಿಂತರು. ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಹೆಸರಿನ ಬಾಗಿಲಿಗೆ ಬಂದು ನಿಂತರು. ನನಗೆ ಅವರ ಬೆನ್ನು ಸವರಬೇಕೆನ್ನಿಸಿತು, ಸವರಲಿಲ್ಲ. ಇದು ಅವರೇ ದಾಟಬೇಕಾದ ಹೊಸ್ತಿಲು. ಅವರು ಕಣ್ಣು ಮುಚ್ಚಿಕೊಂಡರು.

"ಎತ್ತಿನ ಮೈ ಸವರೂ ಹೊತ್ತಾತು, ಕುದಿಸಿದ ಚಹಾ ಆರೇತಿ,
ಚನ್ನಬಸಪ್ಪನವರ ಹೆಸರ ಹೇಳತೇನಿ, ಕೊಟಿಗಿ ದಾರಿ ಕಾದೇತಿ."

ಕಣ್ಣು ಬಿಟ್ಟವರು ಮೊದಲು ಗಂಡನ ಮುಖ ನೋಡಲಿಲ್ಲ, ಎದೆ ನೋಡಿದರು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಇನ್ನೊಮ್ಮೆ ಏರಿ ಇಳಿಯುವವರೆಗೂ ಅವರು ಕದಲದೆ ನಿಂತರು. ಆಮೇಲೆ ಮುಖ ನೋಡಿದರು. ಗೋಡೆಯ ಮೇಲಿದ್ದ ಕಣ್ಣು ಅಲ್ಲಿರಲಿಲ್ಲ. ಬಹಳ ಭಾರದ ಏನನ್ನೋ ಎಳೆದು ತಂದ 
ಹಾಗೆ ಅದು ನಿಧಾನವಾಗಿ ಹೊರಳಿ ಹೆಂಡತಿಯ ಮೇಲೆ ಬಂದು ನಿಂತಿತ್ತು.

ವಿಜಯಾ ಅಳುತ್ತಿದ್ದಳು. ಅಳುತ್ತಲೇ, ಮದುವೆ ಮನೆಯಲ್ಲಿ ಒಡಪು ಹಾಕಿದ ಹೆಣ್ಣನ್ನು ಎಲ್ಲರೂ ಕಾಡಿಸುವಂತೆ ಕಾಡಿಸಿದಳು: "ಮಾವಾರಿಗಿ ಕೇಳಿಸ್ಲಿಲ್ಲಂತ್ರಿ ಅತ್ತಿ, ಇನ್ನೊಮ್ಮೆ ಹೇಳ್ರಿ."

"ಓಣಿಗೆಲ್ಲಾ ಕೇಳಿಸೇತಿ, ಇವರಿಗಷ್ಟ ಕೇಳಿಸ್ಲಿಲ್ಲೇನು?" ಎಂದು ಗೌರವ್ವ ಗದರಿದರು. ಕಾರ್ಡನ್ನು ಮಡಚಿ ನನ್ನ ಕೈಗೆ ಕೊಟ್ಟರು. ಸೆರಗು ತಲೆಯಿಂದ ಜಾರಿತು, ಎಳೆದುಕೊಳ್ಳಲಿಲ್ಲ. ಮಂಚದ ಅಂಚಿಗೆ ಕುಳಿತು, ಗಂಡನ ಕಿವಿಯ ಹತ್ತಿರ ಬಾಗಿ, ಒಡಪಿಲ್ಲದೆ, ಪ್ರಾಸವಿಲ್ಲದೆ, ಹೊಲದ ಆಚೆ ಬದುವಿನಲ್ಲಿ ನಿಂತವರನ್ನು ಕೂಗಿದ ಹಾಗೆ ಕೂಗಿದರು.

"ಚನ್ನಬಸಪ್ಪಾ!"

ಅವರು "ಓ" ಎಂದರು.